ಸೂಜಿ ಚುಚ್ಚಿದರೆ ನೋವು ಹೋಗುತ್ತಾ?

ಕಳೆದ ಚಳಿಗಾಲದಲ್ಲಿ ಥೀಸಿಸ್ ಬರೆಯುತ್ತಾ ಬರೆಯುತ್ತಾ ನನ್ನ ಬಲಭುಜ ಹಿಡಿದುಕೊಂಡಿತು. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತರೆ ಇನ್ನೇನಾಗುತ್ತೆ? ಫೋನಿನಲ್ಲಿ ಅಮ್ಮ, "ನರ ಹಿಡ್ಕೊಂಡಿದೆ ಕಣೋ, ಹರಳೆಣ್ಣೆ ಬಿಸಿ ಮಾಡಿ ಹಚ್ಚು" ಅಂದರು. ಇಲ್ಲಿ ಜರ್ಮನಿಯಲ್ಲಿ ನನ್ನ ರೂಮ್‌ಮೇಟ್, "ಸೂಜಿ ಆನ್‌ಲೈನ್‌ನಲ್ಲಿ ಸಿಗುತ್ತೆ ಮಗಾ, ವಿಡಿಯೋ ನೋಡ್ಕೊಂಡು ನಾನೇ ಚುಚ್ತೀನಿ" ಅಂದ. ನಾನು ಎಷ್ಟು ಬೇಸತ್ತಿದ್ದೆ ಅಂದರೆ, ಹೂಂ ಅನ್ನುವವನಿದ್ದೆ. ಆರ್ಡರ್ ಮಾಡುವ ಮೊದಲು ಸ್ವಲ್ಪ ಓದಿದೆ.

ನಾವು "ನರ" ಅನ್ನುವುದು ಬಹಳ ಸಲ ಸ್ನಾಯು. ಭುಜ ಒತ್ತಿ ನೋಡಿ, ಬಿಗಿಯಾದ ಎಳೆಯೊಳಗೆ ಕಡಲೆಕಾಳಿನಂಥ ಗಂಟು ಸಿಗಬಹುದು. ಅದನ್ನು ಒತ್ತಿದರೆ ನೋವು ಕುತ್ತಿಗೆ, ಕಿವಿಯ ಹಿಂದಿನವರೆಗೂ ಹರಿಯುತ್ತೆ. ಇದೇ ಟ್ರಿಗರ್ ಪಾಯಿಂಟ್. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜ್ಯಾನೆಟ್ ಟ್ರಾವೆಲ್ ಇಂಥ ಗಂಟುಗಳಿಗೆ ಮದ್ದು ಚುಚ್ಚುತ್ತಿದ್ದರು. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್, ಮದ್ದಿಲ್ಲದ ಬರೀ ಸೂಜಿಯಿಂದಲೂ ನೋವು ಇಳಿಯುತ್ತೆ ಎಂದು ಬರೆದರು. ಇವತ್ತಿನ ಡ್ರೈ ನೀಡ್ಲಿಂಗ್‌ಗೆ ಅದೊಂದು ಮುಖ್ಯ ಬುನಾದಿ. ಸೂಜಿ ಅಕ್ಯುಪಂಕ್ಚರ್‌ನದ್ದೇ, ಲೆಕ್ಕಾಚಾರ ಮಾತ್ರ ಬೇರೆ. ಸೂಜಿಯನ್ನು ತಿರುಗಿಸಿದಾಗ ಚರ್ಮದ ಕೆಳಗಿನ ಸಂಯೋಜಕ ಅಂಗಾಂಶದ ಎಳೆಗಳು ಕದಿರಿಗೆ ನೂಲು ಸುತ್ತಿದ ಹಾಗೆ ಅದಕ್ಕೆ ಸುತ್ತಿಕೊಳ್ಳುತ್ತವೆ ಎಂದು ಹೆಲೆನ್ ಲ್ಯಾಂಜೆವಿನ್ ಪ್ರಯೋಗ ಮಾಡಿ ತೋರಿಸಿದ್ದಾರೆ.

ಹಾಗಾದರೆ ಇದು ಕೆಲಸ ಮಾಡುತ್ತಾ? ಸೊಂಟನೋವಿನ 1162 ಜನರ ಮೇಲೆ ಜರ್ಮನಿಯಲ್ಲೇ ನಡೆದ ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದಾಗ, ಸರಿಯಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6 ಜನರಿಗೆ ಉಪಯೋಗವಾಗಿತ್ತು. ಬೇಕೆಂದೇ ತಪ್ಪು ಜಾಗದಲ್ಲಿ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4 ಮಾತ್ರ! ಇಂಜಿನಿಯರ್ ಆಗಿ ನಾನು ಇದನ್ನು ಹೀಗೆ ಓದುತ್ತೇನೆ: ಸೂಜಿಯಿಂದ ಉಪಯೋಗ ಇದೆ, ಆದರೆ ಎಲ್ಲಿ ಚುಚ್ಚಬೇಕು ಅನ್ನುವ ಥಿಯರಿ ಅಷ್ಟು ಗಟ್ಟಿಯಿಲ್ಲ. "ಎಲ್ಲಾ ಮೋಸ" ಅನ್ನುವವರೂ, "ಸಾವಿರಾರು ವರ್ಷದ ವಿದ್ಯೆ, ಪ್ರಶ್ನೆ ಮಾಡಬೇಡಿ" ಅನ್ನುವವರೂ ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಬೇಕು.

ಅಪಾಯವೂ ಇದೆ. ಭುಜದ ಆ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳ ತಪ್ಪಿ ಅದಕ್ಕೆ ತಾಗಿದರೆ ಎದೆಯೊಳಗೆ ಗಾಳಿ ಸೇರಿ ಶ್ವಾಸಕೋಶ ಕುಸಿಯಬಹುದು. ತರಬೇತಿ ಪಡೆದವರ ಕೈಯಲ್ಲೇ ಹೀಗಾದದ್ದುಂಟು. ಇನ್ನು ಹಾಸ್ಟೆಲ್ ರೂಮಿನಲ್ಲಿ ವಿಡಿಯೋ ನೋಡಿಕೊಂಡು ಚುಚ್ಚಿದರೆ? ಆರ್ಡರ್ ಕ್ಯಾನ್ಸಲ್ ಮಾಡಿದೆ.

ಆಮೇಲೆ ವೈದ್ಯರ ಬಳಿ ಹೋದೆ. ಕೈ ಜೋಮು ಹಿಡಿದಿದೆಯಾ, ಬಲ ಕಡಿಮೆಯಾಗಿದೆಯಾ ಎಂದು ಮೊದಲು ನೋಡಿ, ನಂತರ ಸೂಜಿ ಹಾಕಿದರು. ಸ್ನಾಯು ಒಮ್ಮೆ ಸೆಳೆದುಕೊಂಡು ಸಡಿಲವಾಯಿತು. ಎರಡು ದಿನ ಹಾಯಾಗಿತ್ತು, ಮೂರನೇ ದಿನ ನೋವು ವಾಪಸ್ ಬಂತು! ಕೊನೆಗೆ ನನಗೆ ನಿಂತ ಪರಿಹಾರ ಬೇರೆ: ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ, ಗಂಟೆಗೊಮ್ಮೆ ಎದ್ದು ಓಡಾಟ, ದಿನಾ ಭುಜದ ವ್ಯಾಯಾಮ. ಸೂಜಿ ಕೊಟ್ಟ ಆ ಎರಡು ದಿನದಲ್ಲಿ ವ್ಯಾಯಾಮ ಶುರು ಮಾಡೋಕೆ ಆಯ್ತು, ಅಷ್ಟೇ.

ನಮ್ಮಲ್ಲಿ ಎಷ್ಟೋ ಜನ ಭಾಷೆ ಬರಲ್ಲ, ಅಪಾಯಿಂಟ್‌ಮೆಂಟ್ ಸಿಗಲ್ಲ ಅಂತ ಊರಿಂದ ತಂದ ಮಾತ್ರೆ ನುಂಗಿ ದಿನ ದೂಡುತ್ತೇವೆ. ವಿಮೆಯ ದುಡ್ಡು ಪ್ರತಿ ತಿಂಗಳು ಕಟ್ಟುತ್ತಲೇ ಇದ್ದೀರಿ, ಬಳಸಿಕೊಳ್ಳಿ. ಜರ್ಮನ್ ಬರುವ ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾರೂ ಸಿಗದಿದ್ದರೆ ನಮ್ಮ ಸಂಘದ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ, ನಾನೇ ಬರ್ತೀನಿ.