ಕಂಪ್ಯೂಟರಿನೊಳಗೊಂದು ಹಳೆಯ ಟಿ.ವಿ.

‘ಸೂಪರ್ ಮಾರಿಯೋ ಬ್ರದರ್ಸ್’ ಆಟ ಬಂದದ್ದು 1985ರಲ್ಲಿ. ಅದನ್ನು ಇಂದಿನ ಚಪ್ಪಟೆ ಪರದೆಯ ಮೇಲೆ ಮಕ್ಕಳಿಗೆ ತೋರಿಸುವ ಅಪ್ಪಂದಿರು ‘ನಾವು ಆಡುತ್ತಿದ್ದಾಗ ಚಿತ್ರ ಇಷ್ಟು ಒರಟಾಗಿರಲಿಲ್ಲ’ ಎನ್ನುವುದುಂಟು. ಮಕ್ಕಳು ನಗುತ್ತಾರೆ. ಬಣ್ಣದ ಚೌಕಗಳನ್ನು ಜೋಡಿಸಿಟ್ಟಂತಿರುವ ಆ ಚಿತ್ರ ಯಾವ ಕಾಲದಲ್ಲಿ ತಾನೇ ನಯವಾಗಿದ್ದೀತು? ಆದರೆ ಅಪ್ಪಂದಿರ ಮಾತೇ ಸರಿ. ಆಟ ಬದಲಾಗಿಲ್ಲ, ಅದನ್ನು ತೋರಿಸುವ ಗಾಜು ಬದಲಾಗಿದೆ.

ಆ ಗಾಜೇ ಚಿತ್ರನಳಿಕೆ, ಅಂದರೆ ಕ್ಯಾಥೋಡ್ ರೇ ಟ್ಯೂಬ್. ಜರ್ಮನಿಯ ಕಾರ್ಲ್ ಫರ್ಡಿನೆಂಡ್ ಬ್ರಾನ್ 1897ರಲ್ಲಿ ಇದರ ಮೂಲರೂಪವನ್ನು ಮಾಡಿದ. ನಮ್ಮ ಬೆಂಗಳೂರಿನ ಬಿ.ಇ.ಎಲ್. ಕೂಡ ಒಂದು ಕಾಲದಲ್ಲಿ ಕಪ್ಪು-ಬಿಳುಪು ಟಿ.ವಿ.ಗಳಿಗೆ ಚಿತ್ರನಳಿಕೆ ತಯಾರಿಸುತ್ತಿತ್ತು. ನಳಿಕೆಯ ಹಿಂತುದಿಯಿಂದ ಹೊರಟ ಇಲೆಕ್ಟ್ರಾನ್ ಕಿರಣ, ಮುಂದಿನ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪಕ್ಕೆ ಬಡಿದು ಬೆಳಕು ಹೊಮ್ಮಿಸುತ್ತದೆ. ನಾವು ಪುಟ ಓದುವಂತೆ ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲಾಗಿ ಅದು ಓಡುತ್ತದೆ.

ಜಪಾನ್, ಅಮೆರಿಕಗಳ ಟಿ.ವಿ. ಪದ್ಧತಿಯಲ್ಲಿ ಒಟ್ಟು 525 ಗೆರೆಗಳು. ಕಿರಣ ಒಮ್ಮೆ ಬೆಸಸಂಖ್ಯೆಯ ಗೆರೆಗಳನ್ನು, ಮರುಸಲ ಸಮಸಂಖ್ಯೆಯ ಗೆರೆಗಳನ್ನು ಎಳೆಯುತ್ತಿತ್ತು. ಆಟದ ಯಂತ್ರಗಳಿಗೆ ಅಷ್ಟೊಂದು ಗೆರೆ ತುಂಬಿಸುವ ಶಕ್ತಿ ಇರಲಿಲ್ಲ. ಅವು ಸೆಕೆಂಡಿಗೆ ಸುಮಾರು 60 ಸಲ ಅದೇ ಜಾಗದಲ್ಲೇ ಸುಮಾರು 240 ಗೆರೆಗಳನ್ನು ಎಳೆಸುತ್ತಿದ್ದವು. ಹೀಗಾಗಿ ಪ್ರತಿ ಎರಡು ಗೆರೆಗಳ ನಡುವೆ ಒಂದು ಸಣ್ಣ ಕತ್ತಲ ಸಂದು ಉಳಿಯುತ್ತಿತ್ತು. ಸ್ವಾರಸ್ಯ ಇರುವುದು ಇಲ್ಲೇ ನೋಡಿ: ಕಿರಣ ಪ್ರಖರವಾದಷ್ಟೂ ಅದು ಬೀಳುವ ಚುಕ್ಕೆ ಅಗಲವಾಗುತ್ತದೆ. ಬಿಳಿ ಮೋಡದ ಗೆರೆಗಳು ಉಬ್ಬಿ ಸಂದನ್ನು ಮುಚ್ಚಿಬಿಡುತ್ತವೆ, ಕಪ್ಪು ಗುಹೆಯ ಗೆರೆಗಳು ತೆಳ್ಳಗೇ ಉಳಿಯುತ್ತವೆ. ಚೌಕದ ಅಂಚು ಎಂಬುದೇ ಅಲ್ಲಿಲ್ಲ!

ಚಿತ್ರ ಬಿಡಿಸುವವರು ಇದನ್ನೆಲ್ಲ ಬಲ್ಲವರಾಗಿದ್ದರು. 1991ರ ‘ಸೋನಿಕ್ ದ ಹೆಡ್ಜ್‌ಹಾಗ್’ ಆಟದ ಜಲಪಾತವನ್ನೇ ತೆಗೆದುಕೊಳ್ಳಿ. ಹಿಂದಿನ ಬಂಡೆ ಮಸುಕಾಗಿ ಕಾಣುವಂತೆ ನೀರನ್ನು ಬೆರೆಸಿ ತೋರಿಸುವುದು ಸೆಗಾ ಯಂತ್ರಕ್ಕೆ ಸುಲಭವಿರಲಿಲ್ಲ. ಅದಕ್ಕೇ ಒಂದು ಬಿಂದು ನೀರು, ಒಂದು ಬಿಂದು ಖಾಲಿ ಎಂಬಂತೆ ಲಂಬ ಪಟ್ಟೆಗಳನ್ನು ಬರೆದರು. ಯಂತ್ರದಿಂದ ಟಿ.ವಿ.ಗೆ ಹೋಗುವ ಹಳದಿ ಪಿನ್ನಿನ ತಂತಿಯಲ್ಲಿ ಬಣ್ಣವೂ ಬೆಳಕೂ ಒಟ್ಟಿಗೇ ಹರಿಯುತ್ತಿದ್ದವು. ಅಷ್ಟು ಸಣ್ಣ ಪಟ್ಟೆಗಳನ್ನು ಟಿ.ವಿ. ಬಿಡಿಸಿ ತೋರಿಸಲಾರದೆ ಕಲಸಿಬಿಡುತ್ತಿತ್ತು. ನೀರು ತಿಳಿಯಾಗುತ್ತಿತ್ತು! ಇಂದಿನ ಪರದೆಯ ಮೇಲೆ ಅದೇ ಜಲಪಾತ ಕಿಟಕಿಯ ಸರಳುಗಳಂತೆ ಕಾಣುತ್ತದೆ. ಯಂತ್ರದ ನೆನಪಿನಲ್ಲಿದ್ದದ್ದು ಅರ್ಧ ಚಿತ್ರ, ಉಳಿದರ್ಧವನ್ನು ತಂತಿಯೂ ನಳಿಕೆಯೂ ಸೇರಿ ಬಿಡಿಸುತ್ತಿದ್ದವು. ಆಟದ ಪ್ರತಿಯೊಂದನ್ನೇ ಜೋಪಾನ ಮಾಡಿ ‘ಉಳಿಸಿದೆವು’ ಎಂದರೆ ಕಲಾವಿದರಿಗೆ ಅನ್ಯಾಯ ಮಾಡಿದಂತೆಯೇ.

ಹಳೆಯ ಟಿ.ವಿ.ಗಳನ್ನೇ ಇಟ್ಟುಕೊಳ್ಳೋಣವೆಂದರೆ ಅವು ಒಂದೊಂದಾಗಿ ಕೆಡುತ್ತಿವೆ. ಮನೆಬಳಕೆಯ ಟಿ.ವಿ.ಗೆ ಇಂಥ ನಳಿಕೆ ಮಾಡುವುದು ನಿಂತುಹೋಗಿದೆ. ಹಾಗಾಗಿ ನಳಿಕೆಯನ್ನು ಲೆಕ್ಕದಿಂದ ಮರುಸೃಷ್ಟಿಸುವ ಕೆಲಸ ನಡೆದಿದೆ. ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಓಡುವ ‘ಶೇಡರ್’ ಎಂಬ ಪುಟ್ಟ ಪ್ರೋಗ್ರಾಮುಗಳು ಇದನ್ನು ಮಾಡುತ್ತವೆ. ‘ರೆಟ್ರೋಆರ್ಚ್’ ಎಂಬ ಉಚಿತ ತಂತ್ರಾಂಶದಲ್ಲಿ ‘ಸಿಆರ್‌ಟಿ-ರಾಯಲ್’ ಮೊದಲಾದ ಹಲವು ಶೇಡರ್‌ಗಳಿವೆ.

ಚಿತ್ರದ ಮೇಲೆ ಕಪ್ಪು ಗೆರೆ ಎಳೆದುಬಿಟ್ಟರೆ ಮುಗಿಯಿತೆಂದು ತಿಳಿದವರೂ ಇದ್ದಾರೆ. ಅದು ಬರೀ ವೇಷ. ಪರದೆಯ ಅರ್ಧ ಭಾಗ ಕಪ್ಪಾದರೆ ಬೆಳಕೂ ಅರ್ಧವಾಗುತ್ತದೆ, ಮೋಡವೂ ಗುಹೆಯೂ ಒಂದೇ ಆಗುತ್ತವೆ. ನಿಜವಾದ ಲೆಕ್ಕ ಹೀಗೆ: 4ಕೆ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ 2160 ಸಾಲು ಬಿಂದುಗಳಿರುತ್ತವೆ. ಅದನ್ನು 240ರಿಂದ ಭಾಗಿಸಿ. ಆಟದ ಪ್ರತಿ ಗೆರೆಗೆ 9 ಸಾಲು ಸಿಕ್ಕವು. ನಡುವಿನ ಸಾಲು ಪ್ರಖರ, ಅಂಚಿಗೆ ಹೋದಂತೆ ಮಬ್ಬು, ಗೆರೆ ಬೆಳ್ಳಗಿದ್ದರೆ ಹರವು ಹೆಚ್ಚು. 1080 ಸಾಲಿನ ಪರದೆಯಲ್ಲಾದರೋ ಭಾಗಲಬ್ಧ ನಾಲ್ಕೂವರೆ. ಅರ್ಧ ಸಾಲನ್ನು ಎಲ್ಲಿಂದ ತರುವುದು? ಗೆರೆಗಳು ಒಂದು ದಪ್ಪ, ಒಂದು ಸಣ್ಣ ಆಗಿ ಕಣ್ಣಿಗೆ ಕಿರಿಕಿರಿ. ಇದರ ಜೊತೆಗೆ ಕೆಂಪು, ಹಸಿರು, ನೀಲಿ ಫಾಸ್ಫರ್‌ಗಳ ಜಾಲರಿಯನ್ನೂ ಬಿಡಿಸಬೇಕು. ಸೋನಿ ಕಂಪೆನಿ 1968ರಲ್ಲಿ ತಂದ ಟ್ರಿನಿಟ್ರಾನ್‌ನಲ್ಲಿ ಅದು ಉದ್ದನೆಯ ತೆಳು ಪಟ್ಟಿಗಳು, ಬೇರೆ ಟಿ.ವಿ.ಗಳಲ್ಲಿ ಚುಕ್ಕೆಗಳು ಅಥವಾ ಚಿಕ್ಕ ಸೀಳುಗಳು.

ಇಷ್ಟಾದರೂ ಒಲಿಯದ ಆಟವೊಂದಿದೆ, 1984ರ ‘ಡಕ್ ಹಂಟ್’. ಬಂದೂಕಿನ ಕುದುರೆ ಒತ್ತಿದಾಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕವೊಂದು ಮಿಂಚುತ್ತದೆ. ಬಂದೂಕಿನ ತುದಿಯ ಬೆಳಕಿನ ಕಣ್ಣು ಅದನ್ನು ಆ ಕ್ಷಣವೇ ಕಾಣಬೇಕು. ಚಪ್ಪಟೆ ಪರದೆ ಚಿತ್ರ ತೋರಿಸುವ ಮುನ್ನ ತುಸು ತಡಮಾಡುತ್ತದೆ, ಅದರ ಬೆಳಕಿನ ಮಿಡಿತವೂ ಬೇರೆ. ಶೇಡರ್ ಎಷ್ಟೇ ಚೆನ್ನಾಗಿ ಗೆರೆ ಎಳೆಯಲಿ, ಹಳೆಯ ಬಂದೂಕಿಗೆ ಬಾತುಕೋಳಿ ಕಾಣುವುದೇ ಇಲ್ಲ.

ಅಟ್ಟದ ಮೇಲೆ ಹಳೆಯ ಟಿ.ವಿ. ಇದ್ದರೆ ಹೋಲಿಸಿ ನೋಡಿ. ಹಿಂಬದಿಯ ಮುಚ್ಚಳವನ್ನು ಮಾತ್ರ ಮಕ್ಕಳು ಬಿಚ್ಚದಂತೆ ತಂದೆತಾಯಿ ನೋಡಿಕೊಳ್ಳಬೇಕು. ಬಣ್ಣದ ನಳಿಕೆ 20,000 ವೋಲ್ಟಿಗೂ ಮೀರಿದ ಒತ್ತಡದಲ್ಲಿ ನಡೆಯುತ್ತದೆ. ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಒಳಗೆ ಉಳಿದಿರಬಹುದು.