ಟೊಂಕದ ಲೆಕ್ಕ
ಹಾನಗಲ್ಲಿನ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಹೆಣ್ಣುಮಗಳ ಕೈಯಲ್ಲಿರುವುದು ಒಂದು ಹಿಡಿ ಸಸಿ. ಸಂಜೆ ಬದುವಿಗೆ ಬಂದವಳು ಎರಡೂ ಕೈ ನಡಕ್ಕೆ ಕೊಟ್ಟು ಅರ್ಧ ಏಳುತ್ತಾಳೆ, ತುಸು ತಡೆಯುತ್ತಾಳೆ, ಆಮೇಲೆ ನೆಟ್ಟಗಾಗುತ್ತಾಳೆ. “ಟೊಂಕ ಹಿಡದೈತಿ” ಎನ್ನುತ್ತಾಳೆ. ದಿನವಿಡೀ ಹೊತ್ತದ್ದು ತನ್ನದೇ ಮೈಯನ್ನು. ಬಾಗಿದಾಗ ದೇಹದ ಅರ್ಧಕ್ಕೂ ಮಿಕ್ಕ ತೂಕ ಮುಂದಕ್ಕೆ ಜಗ್ಗುತ್ತದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯಿಂದ ಐದಾರು ಸೆಂಟಿಮೀಟರ್ ದೂರದಲ್ಲಷ್ಟೇ ಇವೆ. ಸನ್ನೆಗೋಲಿನ ಹಿಡಿಕೆ ಗಿಡ್ಡವಾದಷ್ಟೂ ಬಲ ಹೆಚ್ಚು ಹಾಕಬೇಕು, ಇಲ್ಲಿಯೂ ಹಾಗೆಯೇ. ಆ ಬಲ ಮೂಳೆಗಳ ನಡುವಿನ ಮೆತ್ತೆಯನ್ನು ಹಿಂಡುತ್ತದೆ.

ಈ ಒತ್ತಡವನ್ನು ಅಂದಾಜು ಮಾಡಲು ಮೈಗೆ ಕಟ್ಟುವ ಸೆನ್ಸರುಗಳು ಬಂದಿವೆ. ಮೊಬೈಲ್ ಅಡ್ಡ ಹಿಡಿದಾಗ ಪರದೆಯನ್ನು ತಿರುಗಿಸುವಂಥದೇ ಚಿಪ್ ಅವುಗಳೊಳಗಿದೆ. ಬೆನ್ನು ಎಷ್ಟು ಬಾಗಿತು, ಎಷ್ಟು ಹೊತ್ತು, ಎಷ್ಟು ಸಲ ಎಂದು ಅದು ಬರೆದಿಡುತ್ತದೆ. ಶಿಗ್ಗಾವಿ, ಸವಣೂರಿನ ಹೊಲಗಳಲ್ಲಿ ಕಸ ತೆಗೆಯುವವರ ಬೆನ್ನಿಗೂ ಇಂಥ ಲೆಕ್ಕ ಬೇಕೆಂದೇ ನನ್ನ ವಾದ. ಆದರೆ ಸೆನ್ಸರಿಗೆ ಕಾಣದಿರುವುದೂ ಬಹಳ.

ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊತ್ತು ಲಾರಿ ಏರುವ ಹಮಾಲರ ಮೈ ಅಷ್ಟೇನೂ ಬಾಗಿರುವುದಿಲ್ಲ. ಬರೀ ಕೋನ ನೋಡುವ ಸೆನ್ಸರು ಇದನ್ನು ಹಗುರ ಕೆಲಸವೆಂದೀತು, ಚೀಲದ ತೂಕ ಅದಕ್ಕೆ ತಿಳಿಯದು. ಗದ್ದೆಯ ಸಂಗತಿ ಇನ್ನೂ ಸೂಕ್ಷ್ಮ. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಸುಮ್ಮನಾಗಿ ಭಾರ ಅಸ್ಥಿರಜ್ಜುಗಳಿಗೆ ಹೋಗುತ್ತದೆಂದು ಸಂಶೋಧಕರಾದ ಫ್ಲಾಯ್ಡ್ ಮತ್ತು ಸಿಲ್ವರ್ 1955ರಲ್ಲೇ ಬರೆದಿದ್ದರು. ಸ್ನಾಯುವಿನ ವಿದ್ಯುತ್ತನ್ನು ಅಳೆಯುವ ಯಂತ್ರಕ್ಕೆ ಅದು ವಿಶ್ರಾಂತಿಯಂತೆ ಕಂಡೀತು. ಸಸಿ ಹಚ್ಚುವ ಆಕೆಯನ್ನೇ ಕೇಳದೆ ಯಾವ ಅಂಕಿಯನ್ನೂ ನಂಬಬಾರದು.

ಅಂಕಿ ಯಾರ ಕೈ ಸೇರುತ್ತದೆ ಎಂಬುದೂ ನನ್ನನ್ನು ಕಾಡುತ್ತದೆ. ಗುತ್ತಿಗೆದಾರನ ಕೈ ಸೇರಿದರೆ ಟೊಂಕ ಸೋತವರನ್ನು ನಾಳೆಯಿಂದ ಕರೆಯದಿರಲು ಅದೇ ನೆಪವಾದೀತು. ಅಳೆಯುವುದು ಬೆನ್ನನ್ನಾದರೂ ಬದಲಾಗಬೇಕಾದ್ದು ಚೀಲ. ಎಲ್ಲ ಅನುಕೂಲವಿದ್ದಾಗಲೂ ಎತ್ತುವ ಭಾರ 23 ಕಿಲೋ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸೂತ್ರ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ಗಂಡಾಳಿಗೆ 55 ಕಿಲೋವರೆಗೆ ಬಿಟ್ಟಿತ್ತು. ಇವೆರಡರ ನಡುವೆ ಎಷ್ಟು ಬೆನ್ನುಗಳು ಸವೆದಿವೆಯೋ!

50 ಕಿಲೋದ ಚೀಲವನ್ನು 25ಕ್ಕೆ ಇಳಿಸಿದರೆ ಎತ್ತುವ ಸಲ ಇಮ್ಮಡಿಯಾಗುತ್ತದೆ. ಆಗ ಬೆನ್ನಿಗೆ ನಿಜವಾಗಿ ಹಗುರವೇ? ಕೂಲಿ ಚೀಲದ ಲೆಕ್ಕದಲ್ಲಿದ್ದರೆ ದರ ಹೇಗೆ ಕಟ್ಟಬೇಕು? ಮೊದಲನೆಯದಕ್ಕೆ ಸೆನ್ಸರು ಉತ್ತರ ಕೊಡಬಲ್ಲದು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥವರು ಒಂದು ಹಂಗಾಮು ಇದನ್ನು ಅಳೆದು ನೋಡಲಿ, ಪ್ರತಿ ಚೀಲವನ್ನೂ ತೂಗಿ, ಅಂಕಿಗಳನ್ನು ಮೊದಲು ಹಮಾಲರ ಮುಂದೆಯೇ ಇಟ್ಟು.