ಎಲುಬು ಓದಿದವರಿಗೊಂದು ಶಾಲು

ನಮ್ಮ ಕಡೆ ಸನ್ಮಾನಕ್ಕೆ ಬರವಿಲ್ಲ. ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ಆಗಾಗ ವೇದಿಕೆ ಏಳುತ್ತದೆ, ಶಾಲು–ಹಾರ ತಯಾರಿರುತ್ತವೆ. ಆ ವೇದಿಕೆಗಳ ಮೇಲೆ ನಾನು ಎಂದೂ ಕೇಳದ ಎರಡು ಹೆಸರುಗಳಿವೆ: ಡಾ. ಎಸ್‌.ಪಿ.ಎಸ್‌. ಟಿಯೋಟಿಯಾ, ಡಾ. ಮೋಹಿನಿ ಟಿಯೋಟಿಯಾ. ಉತ್ತರ ಪ್ರದೇಶದ ಮೀರತ್‌ನ ಎಲ್‌ಎಲ್‌ಆರ್‌ಎಂ ವೈದ್ಯಕೀಯ ಕಾಲೇಜಿನಲ್ಲಿ ಹಾರ್ಮೋನಿಗೂ ಎಲುಬಿಗೂ ಇರುವ ನಂಟಿನ ಬೆನ್ನು ಹತ್ತಿದವರು. ಅವರು ಪರೀಕ್ಷಿಸಿದ್ದು ದೂರದ ಊರಿನ ರೋಗಿಗಳನ್ನು. ಆದರೆ ಬರೆದದ್ದನ್ನು ಓದಿದರೆ, ಯಲಬುರ್ಗಾ ಸೀಮೆಯ ಯಾವುದೋ ಹಳ್ಳಿಯ ಕಟ್ಟೆಯ ಮೇಲೆ ಕೂತವರನ್ನು ನೋಡಿಯೇ ಬರೆದಂತಿದೆ.

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬೋರಿನ ನೀರಿನಲ್ಲಿ ಫ್ಲೋರೈಡ್‌ ಇದೆ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ನೆಲದಡಿಯ ಗ್ರಾನೈಟ್‌ ಜಾತಿಯ ಬಂಡೆಯಿಂದ ಅದು ನೀರಿಗಿಳಿಯುತ್ತದೆ. ಬೋರು ಆಳಕ್ಕೆ ಹೋದಷ್ಟೂ ನೀರಿಗೂ ಬಂಡೆಗೂ ಸಹವಾಸ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎನ್ನುತ್ತದೆ ಮಾನದಂಡ. ರುಚಿಯಲ್ಲಿ ತಿಳಿಯುವುದಿಲ್ಲ, ವಾಸನೆಯೂ ಇಲ್ಲ. ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಎಷ್ಟೋ ವರ್ಷಗಳ ಮೇಲೆ ಮೊಣಕಾಲು ಮಡಚದು, ಸೊಂಟ ಬಗ್ಗದು, ಕುತ್ತಿಗೆ ತಿರುಗದು. ‘ವಾಯು ಹಿಡದೈತಿ’ ಎಂದು ಎಣ್ಣೆ ತಿಕ್ಕಿಸಿಕೊಂಡು ಕೂತವರು ಎಷ್ಟು ಮಂದಿಯೋ.

ಈ ರೋಗವನ್ನು ನಮ್ಮ ದೇಶದ ವೈದ್ಯರು ಬಲ್ಲರು, ಅದೂ 1937ರಿಂದ. ಶಾರ್ಟ್‌ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಕಡೆಯ ರೋಗಿಗಳ ವಿವರ ಪ್ರಕಟಿಸಿದ್ದರು. ಫ್ಲೋರೈಡ್‌ ಎಲುಬಿಗೆ ಅಂಟಿಕೊಂಡು ಅದನ್ನು ದಪ್ಪಗಾಗಿಸುತ್ತದೆ ಎಂಬಲ್ಲಿಗೆ ಬಹಳ ಕಾಲ ಮಾತು ನಿಂತಿತ್ತು. ಟಿಯೋಟಿಯಾ ಜೋಡಿ ಅಲ್ಲಿಂದ ಒಂದು ಹೆಜ್ಜೆ ಒಳಗೆ ಹೋಯಿತು. 1973ರಲ್ಲಿ ‘ಬ್ರಿಟಿಷ್‌ ಮೆಡಿಕಲ್‌ ಜರ್ನಲ್‌’ನಲ್ಲಿ ಪ್ರಕಟವಾದ ಅವರ ಲೇಖನ, ಇಂಥ ರೋಗಿಗಳಲ್ಲಿ ಕೆಲವರ ಪ್ಯಾರಾಥೈರಾಯ್ಡ್‌ ಗ್ರಂಥಿಗಳು ಅತಿಯಾಗಿ ದುಡಿಯುತ್ತಿವೆ ಎಂದು ತೋರಿಸಿತು.

ಕೊರಳಲ್ಲಿ ಥೈರಾಯ್ಡಿನ ಹಿಂದೆ ಅಡಗಿರುವ ನಾಲ್ಕು ಪುಟ್ಟ ಗ್ರಂಥಿಗಳಿವು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುವುದು ಇವುಗಳ ಕೆಲಸ. ಇಳಿದರೆ ಹಾರ್ಮೋನು ಸುರಿಸಿ ಎಲುಬಿನಿಂದ ಕ್ಯಾಲ್ಸಿಯಂ ಎಳೆಯುತ್ತವೆ. ಫ್ಲೋರೈಡ್‌ ಒಂದು ಕಡೆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಊಟದಲ್ಲಿ ಮೊದಲೇ ಕೊರತೆ. ಒಲೆ ಉರಿಯಲೆಂದು ಮನೆಯ ತೊಲೆಯನ್ನೇ ಕಡಿದಂತೆ, ದೇಹ ತನ್ನ ಎಲುಬನ್ನೇ ಕರಗಿಸುತ್ತದೆ. ಅದಕ್ಕೇ ಒಂದೇ ಮೈಯಲ್ಲಿ ಒಂದು ಎಲುಬು ಕಲ್ಲಿನಂತೆ ಬಿಗಿದಿದ್ದರೆ ಇನ್ನೊಂದು ಟೊಳ್ಳು.

ಮುಂದೆ ಇದೇ ಜೋಡಿ ಮಕ್ಕಳ ಬಗ್ಗೆ ಬರೆದ ಅಂಕಿ ನನ್ನನ್ನು ಹಿಡಿದು ನಿಲ್ಲಿಸಿತು. ಫ್ಲೋರೈಡ್‌ ಪೀಡಿತ ಊರುಗಳಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಎಲುಬಿನ ರೋಗ, ಕಾಲಿನ ಸೊಟ್ಟ. ಸಾಕಷ್ಟು ಕ್ಯಾಲ್ಸಿಯಂ ಸಿಕ್ಕ ಮಕ್ಕಳಲ್ಲಿ ಶೇ 25ಕ್ಕಿಂತ ಕಡಿಮೆ. ಅಂದರೆ ನೀರಿನ ಜೊತೆ ತಟ್ಟೆಯ ವಿಚಾರವೂ ಇದೆ. ಬಡವರ ಮನೆಯ ಮಗುವೇ ಸೊಟ್ಟಗಾಲಿಗೆ ಮೊದಲು ಗುರಿಯಾಗುವುದು ಹಣೆಬರಹದಿಂದಲ್ಲ.

ಅದೇ 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ‘ಲ್ಯಾನ್ಸೆಟ್‌’ನಲ್ಲಿ ಮೊಣಕಾಲು ಒಂದಕ್ಕೊಂದು ತಾಗುವಂತೆ ಬಾಗಿದ ಯುವಕರ ಬಗ್ಗೆ ಬರೆದರು. ನಾಗಾರ್ಜುನ ಸಾಗರದ ಸುತ್ತಣ ಹಳ್ಳಿಗಳಲ್ಲಿ ಅಂತರ್ಜಲ ಮೇಲೇರಿದ್ದಕ್ಕೂ ಇದಕ್ಕೂ ನಂಟು ಹುಡುಕುವ ಚರ್ಚೆ ಆಮೇಲೆ ನಡೆಯಿತು. ಆ ಚರ್ಚೆಯಲ್ಲಿ ಹೊಸಪೇಟೆ ಅಣೆಕಟ್ಟಿನ ಹೆಸರೂ ಬಂತು. ಅದರ ಇನ್ನೊಂದು ತುದಿ ನಮ್ಮ ಮುನಿರಾಬಾದ್‌. ಜೋಳ ಉಣ್ಣುವವರ ಮೈಯಲ್ಲಿ ಅಕ್ಕಿ ಉಣ್ಣುವವರಿಗಿಂತ ಫ್ಲೋರೈಡ್‌ ಹೆಚ್ಚು ಉಳಿಯುತ್ತದೆ ಎಂದು ಅದೇ ಸಂಸ್ಥೆಯವರು 1977ರಲ್ಲಿ ಹೇಳಿದರು. ಹಾಗೆಂದು ರೊಟ್ಟಿ ಬಿಡಿ ಎಂದರೆ ಇಲ್ಲಿ ಯಾರು ಕೇಳುತ್ತಾರೆ! ಬಿಡಬೇಕಾಗಿಯೂ ಇಲ್ಲ. ರೊಟ್ಟಿಯ ಜೊತೆ ಎಳ್ಳು, ಮೊಸರು, ಸೊಪ್ಪಿನ ಪಲ್ಯ ತಪ್ಪದಿರಲಿ.

ಇನ್ನೊಂದು ವಿಚಿತ್ರವಿದೆ. ನಾವು ಬೇಡವೆಂದರೂ ಕುಡಿಯುವ ಇದೇ ಫ್ಲೋರೈಡನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ರಿಗ್ಸ್‌ ತಂಡ ಎಲುಬು ಸವೆದ 202 ಮಹಿಳೆಯರ ಅಧ್ಯಯನದಲ್ಲಿ ಔಷಧವೆಂದು ಪರೀಕ್ಷಿಸಿತು. ಫಲಿತಾಂಶ ಬಂದದ್ದು 1990ರಲ್ಲಿ. ಬೆನ್ನೆಲುಬಿನ ಸಾಂದ್ರತೆ ಶೇ 35ರಷ್ಟು ಏರಿತು, ಆದರೆ ಬೆನ್ನೆಲುಬು ಮುರಿಯುವುದು ಗಮನಾರ್ಹವಾಗಿ ತಗ್ಗಲಿಲ್ಲ. ಉಳಿದ ಎಲುಬುಗಳ ಮುರಿತ ಹೆಚ್ಚಿತು. ದಪ್ಪವಾದ ಎಲುಬೆಲ್ಲ ಗಟ್ಟಿ ಎಲುಬಲ್ಲ ಎಂಬುದು ಅಲ್ಲಿ ಆಸ್ಪತ್ರೆಯಲ್ಲಿ ಗೊತ್ತಾಯಿತು. ಇಲ್ಲಿ ಹೊಲದಲ್ಲಿ ಎಂದೋ ಗೊತ್ತಿತ್ತು, ಬರೆದಿಡುವವರಿರಲಿಲ್ಲ.

ಕೃಷ್ಣೆಯ ನೀರನ್ನು ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆ ಬಂದಿದೆ, ಊರೂರಲ್ಲಿ ಶುದ್ಧ ನೀರಿನ ಘಟಕಗಳೂ ಎದ್ದಿವೆ. ಘಟಕ ಕೆಟ್ಟ ದಿನ ಜನ ಮತ್ತೆ ಬೋರಿಗೇ ಹೋಗುತ್ತಾರೆ. ‘ಕುದಿಸಿ ಕುಡಿದರಾಯ್ತು’ ಎನ್ನುವವರಿದ್ದಾರೆ. ಕುದಿಸಿದರೆ ಫ್ಲೋರೈಡ್‌ ಹೋಗದು, ನೀರು ಇಂಗಿ ಅದರ ಪ್ರಮಾಣವೇ ಏರುತ್ತದೆ.

ಕೊಪ್ಪಳಕ್ಕೀಗ ತನ್ನದೇ ವೈದ್ಯಕೀಯ ಕಾಲೇಜಿದೆ. ವರ್ಷಕ್ಕೊಂದು ದಿನ ಟಿಯೋಟಿಯಾ ಅವರ ಹೆಸರಿನಲ್ಲಿ ಅಲ್ಲೊಂದು ಉಪನ್ಯಾಸ ಇಡಲಿ, ಕನ್ನಡದಲ್ಲಿ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಗವಿಮಠದ ಅಜ್ಜನ ಜಾತ್ರೆಯಲ್ಲಿ ಪ್ರತಿ ವರ್ಷ ಒಂದು ಜಾಗೃತಿ ಜಾಥಾ ನಡೆಯುತ್ತದಲ್ಲ, ಅದೂ ಒಂದು ಸಲ ಎಲುಬಿನ ಆರೋಗ್ಯಕ್ಕೆ ಮೀಸಲಾಗಲಿ. ಅಲ್ಲಿಯವರೆಗೆ, ಓದುಗರೇ, ನೀವು ಕುಡಿಯುವ ಬೋರಿನ ನೀರಿನ ಪರೀಕ್ಷಾ ವರದಿಯನ್ನು ನಿಮ್ಮ ಪಂಚಾಯ್ತಿಯಲ್ಲಿ ಕೇಳಿ ಪಡೆಯಿರಿ.